ವಿಲೇವಾರಿಯೊಳಗ ಮೊದಲ ನಂಬರ

ಅರ್ಜಿ ತಿರಸ್ಕಾರ ಮಾಡಿದ್ರ ಕೆಲಸ ಮುಗಿದಂಗ ಅನ್ನೂದನ್ನ ನನಗ ಕಲಿಸಿದ್ದು ಕಂಪ್ಯೂಟರ್. ಅದಕ್ಕಿಂತ ಮೊದಲ ಇಪ್ಪತ್ತು ವರ್ಷ ಕಾರಕೂನಕಿ ಮಾಡಿದ್ನಿ, ಈ ವಿದ್ಯಾ ಗೊತ್ತಿರಲಿಲ್ಲ. ತಹಶೀಲ್ದಾರ ಕಚೇರಿ, ಯಾವ ಊರಿಂದು ಅಂತ ಹೇಳೂದಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ, ಎಲ್ಲಾ ಕಡೆ ಖುರ್ಚಿ ಸವಿಸೇನಿ. ಒಂದು ಊರು ಅಂತ ತಿಳ್ಕೋರಿ ಸಾಕು.

ಮೊದಲ ಅರ್ಜಿ ಕೊಡೋರು ನನ್ನ ಮುಂದ ನಿಂತಿರತಿದ್ರು. ಕೊಕಟನೂರ ಕಡೆಯಿಂದ ಒಬ್ಬ ಮುದುಕ ಬಂದ್ರ, 'ಯಜಮಾನ್ರ, ಇದರೊಳಗ ರೇಷನ್ ಕಾರ್ಡ್ ಇಲ್ರಿ, ನಾಳೆ ತಗೊಂಡು ಬರ್ರಿ' ಅಂತಿದ್ನಿ. ಅಂವ ಬೈಕೋತ ಹೋಗಿ ಮರುದಿನ ತರತಿದ್ದ. ಈಗ ಅರ್ಜಿ ಬರೂದು ಹಳ್ಳಿ ಕಂಪ್ಯೂಟರ್ ಅಂಗಡಿಯಿಂದ. ಮನಷ್ಯಾನ ಮುಖಾ ಕಾಣೂದಿಲ್ಲ, ಗಡುವಿನ ದಿನಾ ಅಷ್ಟ ಕಾಣತಾವು. ಗಡುವಿನೊಳಗ ಮುಗದ್ರ ಹಸರ, ದಾಟಿದ್ರ ಕೆಂಪ. ತಿಂಗಳಿಗೊಮ್ಮೆ ಮೀಟಿಂಗಿನ್ಯಾಗ ಅದನ್ನ ಗ್ವಾಡಿ ಮ್ಯಾಲ ಹಾಕಿ ಎಲ್ಲಾರ ಮುಂದ ತೋರಸ್ತಾರ.

ನನ್ನ ಸಾಲು ಯಾವಾಗ್ಲೂ ಕೆಂಪ. ಕಾಗದ ಕಡಿಮಿ ಇದ್ರ ನಾ ಆ ಹಳ್ಳಿ ಲೆಕ್ಕ ನೋಡೋ ತಲಾಟಿಗೆ ಫೋನ್ ಹಚ್ಚಿ ಹೇಳಿ ಕಳಸ್ತಿದ್ನಿ, ಬರೂತನಕ ತಡೀತಿದ್ನಿ. ಬಾಜೂ ಟೇಬಲ್ಲಿನವ ನನಗಿಂತ ಹತ್ತು ವರ್ಷ ಸಣ್ಣಾಂವ, ನನ್ನ ಕಡೆನ ಕೆಲಸಾ ಕಲತಾಂವ. ಅವನ ಸಾಲು ಹಸರ ಅಂದ್ರ ಹಸರ. ಒಂದಿನ ಕೇಳಿದ್ನಿ, 'ಏನಪಾ ತಮ್ಮಾ, ಏನು ಮಂತ್ರಾ ಹಾಕ್ತಿ?'

'ಮಂತ್ರಾ ಎಲ್ಲೀದ್ರಿ ಅಣ್ಣಾರ. ಗಡುವಿನ ದಿನಾ ಸಂಜೀಕ ಉಳದದ್ದನ್ನೆಲ್ಲಾ ತಿರಸ್ಕಾರ ಒತ್ತಿಬಿಡೂದು. ದಾಖಲೆ ಸಾಲದು ಅಂತ ಕಾರಣ ತಯಾರ ಇರತೈತಿ. ಬೇಕಾದವರು ಮತ್ತ ಹಾಕ್ತಾರ. ಕೊಟ್ಟದ್ದೂ ವಿಲೇವಾರಿನ, ಹೊಳ್ಳಿ ಕಳಿಸಿದ್ದೂ ವಿಲೇವಾರಿನ.'

ಕೇಳಿ ಹೊಟ್ಟಿ ಉರೀತು. ಅಂವಗ ಬಡ್ತಿ ಬಂದಾಗ ಇನ್ನಷ್ಟು ಉರೀತು. ನನ್ನ ಹೆಸರು ಎರಡು ಸಲ ಪಟ್ಟಿಗೆ ಬಂದು ಎರಡು ಸಲ ಬಿದ್ದಿತ್ತು. 'ನಿಮ್ಮ ಕೆಂಪ ಮೊದಲ ತಗೀರಿ, ಆಮ್ಯಾಲ ಬಡ್ತಿ ಕೇಳ್ರಿ' ಅಂದ್ರು ಸಾಹೇಬ್ರು. ಮನ್ಯಾಗ ಹೆಂಡತಿ, 'ನೀವು ಕಲಿಸಿದ ಹುಡುಗೂರು ಮ್ಯಾಲ ಕುಂತಾರ, ನೀವು ಅಲ್ಲೇ ಕುಂದರ್ರಿ ಬಸವಣ್ಣನಂಗ' ಅಂದಳು. ನಾನೂ ಮನಷ್ಯಾನ. ಒಂದಿನ ಸಂಜೀಕ ಉಳದ ಅರ್ಜಿ ಎಲ್ಲಾ ತಿರಸ್ಕಾರ ಒತ್ತಿದ್ನಿ. ಹೆಸರು ಸೈತ ಓದಲಿಲ್ಲ. ಚಹಾ ಆರೂದರೊಳಗ ಮುಗದ ಹೋತು.

ತಿರಸ್ಕಾರ ಆದ್ರ ಅರ್ಜಿದಾರರ ಫೋನಿಗೆ ಸಂದೇಶ ಹೋಗತೈತಿ ಅಂತ ಈ ವ್ಯವಸ್ಥಾ ಮಾಡಿದ ಶ್ಯಾಣ್ಯಾರ ಲೆಕ್ಕ. ಅದರ ಹೆಣಾ ಎತ್ತಲಿ. ನಮ್ಮ ಹಳ್ಳಿಯೊಳಗ ಹೆಣಮಕ್ಕಳು ಅರ್ಜಿಗೆ ತಮ್ಮ ನಂಬರ ಎಲ್ಲಿ ಕೊಡ್ತಾರ? ಇರೋ ಒಂದು ಫೋನು ಗಂಡನ ಕಿಸೆದಾಗ. ಹಿಂಗಾಗಿ ಅಂಗಡಿಯವ ತನ್ನ ನಂಬರನ ಬರದಿರತಾನ. ಅರ್ಧಾ ಊರಿನ ಸಂದೇಶ ಅವನ ಒಂದು ಫೋನಿಗೆ ಬಂದು ಬೀಳತಾವು, ಅಂವ ನೋಡೂದಿಲ್ಲ. ಇದು ಕಚೇರಿಯೊಳಗ ಎಲ್ಲಾರಿಗೂ ಗೊತ್ತೈತಿ. ನನಗೂ ಗೊತ್ತಿತ್ತು.

ಒಂದು ವಾರ ಬಿಟ್ಟು ಒಬ್ಬಾಕಿ ಹೆಣಮಗಳು ಬಂದಳು. ಪಾವರ್‌ಲೂಮ್ ನಡಸಾಕಿ, ಸೀರಿ ಮ್ಯಾಲೆಲ್ಲಾ ಹತ್ತಿ ಎಳಿ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು, ಮರುದಿನಾನ ಆದಾಯ ಪ್ರಮಾಣಪತ್ರ ಕೊಡಬೇಕಿತ್ತು. ಅಂಗಡಿಯವ ಕೊಟ್ಟ ಚೀಟಿ ಮ್ಯಾಲ ಬರದ ದಿನಾ ಮುಗಿಯೂತನಕ ತಡದು, ಮ್ಯಾಲೊಂದು ವಾರ ಸಂದೇಶದ ಹಾದಿ ನೋಡಿ ಬಂದಿದ್ದಳು. 'ಸುಮ್ನ ಮ್ಯಾಲಿಂದ ಮ್ಯಾಲ ಬಂದು ನಿಮಗ ತ್ರಾಸ ಕೊಡಬಾರದು ಅಂತ ಬರಲಿಲ್ರಿ' ಅಂದಳು.

ನಂಬರ ಹಾಕಿ ನೋಡಿದ್ನಿ. ತಿರಸ್ಕಾರ ಆಗಿತ್ತು, ನನ್ನ ಲಾಗಿನ್ನಿನಿಂದ. ಆಕಿ ಕಾಗದ ಎಲ್ಲಾ ಬರೋಬರಿ ಇದ್ದುವು. ತಲಾಟಿ ವರದಿ ಒಂದ ಬರೂದಿತ್ತು, ಅದೂ ನಾ ತಿರಸ್ಕಾರ ಒತ್ತಿದ ಮರುದಿನ ಬಂದು ಬಿದ್ದಿತ್ತು.

'ಯಾರು ಮಾಡ್ಯಾರ್ರಿ ಇದನ್ನ?' ಅಂತ ಕೇಳಿದಳು.

'ಕಂಪ್ಯೂಟರ್ ಮಾಡೇತ್ರಿ ಅಕ್ಕಾರ' ಅಂದ್ನಿ. ಮಾರಿ ಎತ್ತಿ ಆಕೀನ್ನ ನೋಡೂದು ಆಗಲಿಲ್ಲ.

ಆಕಿ ಚೀಟಿ ಮಡಚಿಕೋತ ಅಂದಳು: 'ನಮ್ಮಲ್ಲಿ ಅರಿವಿ ಕೆಟ್ರ ಮಾಲಕ ಮಗ್ಗಕ್ಕ ಬೈಯೂದಿಲ್ರಿ ಸಾಹೇಬ್ರ. ಮುಂದ ನಿಂತಾಕಿಗೆ ಬೈತಾನ.'

ಆಗಿಂದಾಗ ಹೊಸಾ ಅರ್ಜಿ ಹಾಕಿಸಿದ್ನಿ. ಯಾರ್ಯಾರದೋ ಕೈಕಾಲು ಹಿಡಿದು ಎರಡು ದಿನದಾಗ ಪ್ರಮಾಣಪತ್ರ ತಯಾರ ಮಾಡಿದ್ನಿ, ಸೀಟು ಅಷ್ಟರೊಳಗ ಬ್ಯಾರೆಯವರ ಪಾಲಾಗಿತ್ತು. ಒಬ್ಬ ಹುಡುಗಿಯ ವರ್ಷಾ ಹಾಳು ಮಾಡಿದ್ದಕ್ಕ ನನ್ನ ಸಾಲಿನ್ಯಾಗ ಎರಡು ವಿಲೇವಾರಿ ಬಿದ್ದುವು, ತಿರಸ್ಕಾರ ಒಂದು, ಮಂಜೂರು ಒಂದು. ಎರಡೂ ಹಸರ.

ಆ ತಿಂಗಳು ಇಡೀ ಕಚೇರಿಗೆ ನಂದ ಮೊದಲ ನಂಬರ. ಸಾಹೇಬ್ರು ಎಲ್ಲಾರ ಮುಂದ ಚಪ್ಪಾಳಿ ಹೊಡಿಸಿದ್ರು, ನಾ ಎದ್ದು ನಿಂತು ಕೈ ಮುಗದ್ನಿ. ಮುಂದ ಬಡ್ತಿ ಆದೇಶಾನೂ ಬಂತು. ಪೇಢೆ ಹಂಚಾಕತ್ತಿದ್ನಿ, ಅಷ್ಟು ದಿನಾ ಕಚೇರಿಯೊಳಗ ಬಿದ್ದಿದ್ದ ಪ್ರಮಾಣಪತ್ರ ಒಯ್ಯಾಕ ಆ ಹುಡುಗಿ ಬಂದಳು. ಆಕೀಗೂ ಒಂದು ಪೇಢೆ ಕೊಟ್ನಿ. 'ಈಗೇನ್ ಮಾಡಾಕತ್ತೀ ತಂಗೀ?' ಅಂದ್ನಿ. 'ಅವ್ವನ ಬಾಜೂ ಮಗ್ಗಕ್ಕ ನಿಂತೇನ್ರಿ' ಅಂದಳು. ಪೇಢೆ ಹಿಡದ ಕೈಗೆ ಹತ್ತಿ ಎಳಿ ಹತ್ತಿದ್ದುವು.