ಎಳನೀರಿನ ಪರಾಂಗ್

ವ್ಯಾನ್ ಅಕ್ಕನ ಎಡಗೈ ಹೆಬ್ಬೆರಳಿಗೆ ತುದಿ ಇರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ನುಣ್ಣನೆಯ ಮೊಂಡು. ಮಲಯ ನಾಡಿನ ಬಯಾನ್ ಲೆಪಾಸ್‌ನಲ್ಲಿ ನನ್ನ ಮಗಳ ಶಾಲೆಯ ವ್ಯಾನ್ ಓಡಿಸುತ್ತಿದ್ದ ತಮಿಳು ಹೆಂಗಸು ಅವರು. ಸ್ಟೀರಿಂಗ್ ತಿರುಗಿಸುವಾಗ ಮಕ್ಕಳೆಲ್ಲ ಆ ಬೆರಳನ್ನೇ ನೋಡುತ್ತಿದ್ದರು. "ಪರಾಂಗ್ ತಿಂದುಬಿಟ್ಟಿತು, ಕಣ್ಣು, ಅದಕ್ಕೂ ಹಸಿವು ಲಾ," ಎನ್ನುತ್ತಿದ್ದರು ಅಕ್ಕ. 'ಕಣ್ಣು' ಅವರ ತಮಿಳಿನ ಮುದ್ದಿನ ಕರೆ, 'ಲಾ' ಇಲ್ಲಿನವರ ಮಾತಿಗೆಲ್ಲ ಅಂಟುವ ಬಾಲ. ಪರಾಂಗ್ ಎಂದರೆ ಇಲ್ಲಿನ ಮಚ್ಚು. ಡ್ರೈವರ್ ಸೀಟಿನ ಕೆಳಗೆ ಗೋಣಿತಟ್ಟಿನಲ್ಲಿ ಸುತ್ತಿರುತ್ತಿತ್ತು. ಅದರ ಹಿಡಿಗೆ ಕೆಂಪು ಬಟ್ಟೆಯ ಪಟ್ಟಿ.

ಪ್ರತಿ ಶುಕ್ರವಾರ ಶಾಲೆ ಬಿಟ್ಟ ಮೇಲೆ ನಮ್ಮ ಕಾಂಡೋ ಗೇಟಿನೆದುರು ವ್ಯಾನ್ ನಿಲ್ಲಿಸಿ ಒಂಬತ್ತು ಮಕ್ಕಳಿಗೂ ಎಳನೀರು ಕೊಚ್ಚಿ ಕೊಡುವುದು ಅವರ ಪದ್ಧತಿ. ಅವರ ಹಿತ್ತಲಿನ ಗಿಡ್ಡ ಮರದ ಕಾಯಿ. ಮೂರೇ ಏಟು. ನನ್ನ ಆಫೀಸ್ ಕಾಲ್ ಮುಗಿಯದಿದ್ದರೆ ಮಗಳನ್ನು ತಮ್ಮ ಮನೆಗೆ ಕರೆದೊಯ್ದು ಊಟ ಹಾಕುತ್ತಿದ್ದರು. "ಮಗು ಮಕಾನ್ ಆಯ್ತು, ನೀವು ಮೆದುವಾ ವಾಂಗ," ಎಂದು ವಾಯ್ಸ್ ಮೆಸೇಜು, ಊಟ ಆಯ್ತು, ನಿಧಾನವಾಗಿ ಬನ್ನಿ ಅಂತ. ತಮಿಳು, ಮಲಯ, ನಮ್ಮಿಂದ ಕಲಿತ ಕನ್ನಡ, ಎಲ್ಲವೂ ಒಂದೇ ಬಾಯಲ್ಲಿ.

ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿತು. ಅವರ ಮಗ ವ್ಯಾನಿನಲ್ಲಿ ತರಕಾರಿ ಹಂಚತೊಡಗಿದ. ಮೂವತ್ತು ದಾಟಿದ, ಜೋರಾಗಿ ಮಾತನಾಡಲೂ ನಾಚುವ ಗಂಡಸು. ಒಂದು ಮಧ್ಯಾಹ್ನ ಪೊಲೀಸರು ರಸ್ತೆಯಲ್ಲಿ ತಡೆದು ಅವನನ್ನು ಗುಂಡಿಟ್ಟು ಕೊಂದರು. ಗ್ಯಾಂಗಿನವನು, ಪರಾಂಗ್ ಬೀಸಿದ ಎಂದರು. ಪತ್ರಿಕೆಯಲ್ಲಿ ಆಯುಧದ ಫೋಟೊ ಬಂತು. ಹಿಡಿಗೆ ಕೆಂಪು ಪಟ್ಟಿ. ಕಪ್ಪು ಮೈ, ತಮಿಳು ಹೆಸರು, ಸೀಟಿನ ಕೆಳಗೊಂದು ಮಚ್ಚು, ಅವರಿಗೆ ಇಷ್ಟು ಸಾಕಾಗಿತ್ತು. ಬರೆಯುವಾಗ ಇವತ್ತಿಗೂ ಮೈ ಉರಿಯುತ್ತದೆ.

ಅದೇ ದಿನಗಳಲ್ಲಿ, ಅಮೆರಿಕದಲ್ಲಿ ಕಪ್ಪು ಮನುಷ್ಯನೊಬ್ಬ ಪೊಲೀಸನ ಮಂಡಿಯ ಕೆಳಗೆ ಸತ್ತ ವಿಡಿಯೊ ನೋಡಿ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪು ಕುದಿಯುತ್ತಿತ್ತು. ನಾನೂ ಪ್ರೊಫೈಲ್ ಚಿತ್ರ ಕಪ್ಪಾಗಿಸಿದ್ದೆ. ಕಚೇರಿಯ ಆನ್‌ಲೈನ್ ಸಭೆಯಲ್ಲಿ ವರ್ಣಭೇದದ ಬಗ್ಗೆ ಹತ್ತು ನಿಮಿಷ ಮಾತನಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಅಕ್ಕನ ಮಗನ ಸುದ್ದಿ ಗುಂಪಿಗೆ ಬಂದಾಗ ಒಬ್ಬರು ಬರೆದರು: "ಏನೋ ಇದ್ದಿರತ್ತೆ ಲಾ, ಸುಮ್‌ಸುಮ್ನೆ ಶೂಟ್ ಮಾಡ್ತಾರಾ?" ಅಮೆರಿಕದ ಬಗ್ಗೆ ಎಲ್ಲರಿಗಿಂತ ಉದ್ದದ ಮೆಸೇಜು ಹಾಕಿದ್ದವರೂ ಅವರೇ.

ಕೆಲವು ವಾರಗಳ ನಂತರ ಅಕ್ಕ ಗೇಟಿಗೆ ಬಂದರು. ಕೈಯಲ್ಲಿ ವಕೀಲರು ಟೈಪ್ ಮಾಡಿಸಿದ ಕಾಗದ. ಈ ಪರಾಂಗ್ ವರ್ಷಗಳಿಂದ ಶಾಲೆಯ ವ್ಯಾನಿನಲ್ಲಿತ್ತು, ಅದರಿಂದ ಮಕ್ಕಳಿಗೆ ಎಳನೀರು ಕೊಚ್ಚುವುದನ್ನು ನಾನು ಕಂಡಿದ್ದೇನೆ ಎಂದು ಅದರಲ್ಲಿತ್ತು.

"ಮಗ ಹೋದ ಮೇಡಂ. ಅವನ ಹೆಸರಾದ್ರೂ ಕ್ಲೀನ್ ಆಗ್ಲಿ. ಒಂದು ಸೈನ್ ಪೋದುಂ, ಅಷ್ಟೇ ಸಾಕು."

"ನನ್ನ ವರ್ಕ್ ಪಾಸ್ ರಿನ್ಯೂವಲ್‌ಗೆ ಹೋಗಿದೆ ಅಕ್ಕ. ಬಂದ್ಮೇಲೆ ಖಂಡಿತ ಮಾಡ್ತೀನಿ," ಎಂದೆ.

"ಪರವಾಗಿಲ್ಲ ಕಣ್ಣು," ಎಂದು ಕಾಗದ ಮಡಚಿಕೊಂಡರು. ಚೀಲದಿಂದ ಎರಡು ಎಳನೀರು ತೆಗೆದು ಗೇಟಿನ ಬಳಿ ಇಟ್ಟು ಹೋದರು. ಕೊಚ್ಚಿರಲಿಲ್ಲ. ಕೊಚ್ಚುವ ಪರಾಂಗ್ ಪೊಲೀಸರ ಬಳಿ ಇತ್ತು.

ಮೇಲೆ ಬಂದು ವಿಷಯ ಹೇಳಿದಾಗ ಮಗಳು ಕೇಳಿದಳು, "ಬಟ್ ಅಮ್ಮ, ದಟ್ಸ್ ದ ಕೋಕೊನಟ್ ನೈಫ್. ವೈ ಡಿಡಂಟ್ ಯು ಜಸ್ಟ್ ಸೇ?" ಅವಳ ಮೇಲೆ ರೇಗಿದೆ.

ಪಾಸ್ ಬರಲು ತಿಂಗಳುಗಳಾದವು. ಅದು ಕೈಗೆ ಬಂದ ವಾರವೇ ಅಕ್ಕ ಕೋವಿಡ್ ಆಗಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಒಂಬತ್ತು ಮನೆಗಳಲ್ಲಿ ಒಬ್ಬರೂ ಸಹಿ ಹಾಕಿರಲಿಲ್ಲ. ಪೊಲೀಸರನ್ನು ಬೈಯುವುದು ನನಗೆ ಸುಲಭ, ಈಗಲೂ ಬೈಯುತ್ತೇನೆ. ನನ್ನ ಮೇಲಿನ ಸಿಟ್ಟನ್ನು ಎಲ್ಲಿ ಇಡಲಿ ಎಂದು ಗೊತ್ತಾಗುವುದಿಲ್ಲ.

ಕೇಳುವವರು ಉಳಿದಿಲ್ಲವಾದರೂ ಬರೆದಿಡುತ್ತೇನೆ. ಆ ಪರಾಂಗ್ ಶಾಲೆಯ ವ್ಯಾನಿನದು. ಅದರಿಂದ ಮಕ್ಕಳಿಗೆ ಎಳನೀರು ಕೊಚ್ಚುವುದನ್ನು ನಾನು ಕಂಡಿದ್ದೇನೆ. ಕುಡಿದೂ ಇದ್ದೇನೆ.