ಹಳೇ ಬೂಟಿನ ಹಾದಿ

“ನಿನ್ನ ಕಾಲು ಕಾಲೇಜಿನ ಮೆಟ್ಟಲಾ ಹತ್ತಂಗಿಲ್ಲಲೇ, ಬರದಿಟ್ಕೋ,” ಎಂದವನು ನಮ್ಮ ದೊಡ್ಡಪ್ಪ. ಮನೆಯಲ್ಲಿ ಬರೆಯಬಲ್ಲವನು ನಾನೊಬ್ಬನೇ ಆದ್ದರಿಂದ ಹಾಗೆಂದಿರಬೇಕು. ಮೆಟ್ಟಿಲು ಹತ್ತಿದ್ದೇನೋ ಹೌದು. ಆದರೆ ಹತ್ತಿದ್ದು ನನ್ನ ಕಾಲೇ ಎಂದು ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಹೊಸದನ್ನು ಕೊಳ್ಳದೆ ಬದುಕುವುದನ್ನು ಈಗ ಪೇಟೆಯ ಜನ ಆದರ್ಶವೆಂದು ಫೋನಿನಲ್ಲಿ ಫೋಟೋ ಹಾಕುತ್ತಾರೆ. ಗರಗ ಹಳ್ಳಿಯ ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಅವ್ವ ಖಾದಿ ನೂಲುತ್ತಿದ್ದಳು, ಒಡೆದ ಬಕೆಟ್ಟಿನಲ್ಲಿ ಮೆಂತ್ಯ ಬೆಳೆಯುತ್ತಿದ್ದಳು. ಉಳಿದದ್ದೆಲ್ಲ ಹುಬ್ಬಳ್ಳಿಯ ಹಳೇ ಸಾಮಾನಿನ ಸಂತೆಯಿಂದ. ನನ್ನ ಊಟದ ಡಬ್ಬಿಯ ಮೇಲೆ ಯಾರೋ ಗಂಗವ್ವ ಎಂಬವಳ ಹೆಸರು ಕೆತ್ತಲಾಗಿತ್ತು. ಗೆಳೆಯರು ನನ್ನನ್ನು ಅದೇ ಹೆಸರಿನಿಂದ ಕರೆದರು; ನಾನೂ ಓಗೊಟ್ಟೆ. ಹೀಗೆ ಉಳಿಸಿದ ದುಡ್ಡೇ ನನ್ನ ಕಾಲೇಜಿನ ಫೀ ಆಯಿತು.

ಕಾಲೇಜು ಸೇರುವ ಮುನ್ನ ಅದೇ ಸಂತೆಯಲ್ಲಿ ಒಂದು ಜೊತೆ ಕರಿ ಬೂಟು ಕೊಂಡೆ. ಹಿಮ್ಮಡಿಗೆ ಕಬ್ಬಿಣದ ಲಾಳ ಬಡಿದಿದ್ದರು. ಅವ್ವ ಹೊಸ್ತಿಲಲ್ಲೇ ತಡೆದಳು. ಪೀಡೆ ಕಳೆಯಲೆಂದು ಶನಿವಾರ ಹನುಮಪ್ಪನ ಗುಡಿಯ ಮುಂದೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮನೆಗೆ ಬರುವವರು ನಮ್ಮ ಕಡೆ ಇದ್ದಾರೆ.

“ಯಾರ ಶನಿ ಹೊತ್ಕೊಂಡ ಬಂದ್ಯೋ?”

“ಶನಿ ಅಲ್ಲಬೇ, ಒಂಬತ್ತ ನಂಬರ್.”

ಅವಳು ನಗಲಿಲ್ಲ. ಬೂಟು ಹೊರಗೇ ಉಳಿಯಿತು.

ಅಂಗಿ ಎರಡು ಸಲ ತೊಳೆದರೆ ಹಳೆಯ ಒಡೆಯನನ್ನು ಮರೆಯುತ್ತದೆ. ಬೂಟು ಮರೆಯುವುದಿಲ್ಲ. ಎಡಗಾಲಿನದು ಹೊರಬದಿಗೆ ಸವೆದಿತ್ತು. ತಿಂಗಳೊಪ್ಪತ್ತಿನಲ್ಲಿ ನಾನೂ ಎಡಕ್ಕೆ ವಾಲಿ ನಡೆಯತೊಡಗಿದೆ. ಧಾರವಾಡದಲ್ಲಿ ಬಸ್ಸಿಳಿದರೆ ಕಾಲೇಜಿನ ರಸ್ತೆ ನೆಟ್ಟಗಿತ್ತು. ಕಾಲು ಮಾತ್ರ ದಿನವೂ ಎಡಗಡೆಯ ಒಂದು ಓಣಿಗೆ ತಿರುಗುತ್ತಿತ್ತು. ನಾನು ಎತ್ತನ್ನು ಜಗ್ಗಿದ ಹಾಗೆ ಜಗ್ಗಿ ತರುತ್ತಿದ್ದೆ.

ಎರಡನೇ ವರ್ಷ ಎರಡು ವಿಷಯದಲ್ಲಿ ಫೇಲಾದೆ. ಕಾಗದಪತ್ರ ವಾಪಸು ಪಡೆದು ರಾಯಾಪುರದ ಗೋದಾಮಿನಲ್ಲಿ ಕೆಲಸಕ್ಕೆ ನಿಲ್ಲುವುದೆಂದು ನಿಶ್ಚಯಿಸಿಕೊಂಡು ಹೊರಟ ಬೆಳಿಗ್ಗೆ ಜಗ್ಗುವ ಮನಸ್ಸೂ ಇರಲಿಲ್ಲ. ಬೂಟು ಹೋದಲ್ಲಿ ಹೋದೆ. ಓಣಿಯಲ್ಲಿ ಲಾಳದ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಕಟ್ಟೆಯ ಮೇಲೆ ಮುದುಕಿಯೊಬ್ಬಳು ಮೆಂತ್ಯ ಸೋಸುತ್ತ ಕೂತಿದ್ದಳು. ತಲೆ ಎತ್ತದೆ ಅಂದಳು:

“ಲಗೂ ನಡಿಯೋ, ಗಂಟಿ ಹೊಡದೈತಿ.”

“ನನಗ ಹೇಳಿದ್ರೇನ್ರಿ ಅಜ್ಜಿ?”

ಅವಳು ಮುಖ ಎತ್ತಿದಳು. ಎರಡೂ ಕಣ್ಣು ಬೆಳ್ಳಗಿದ್ದವು. ಸೊಪ್ಪಿನಲ್ಲಿ ಆಡುತ್ತಿದ್ದ ಬೆರಳು ನಿಂತವು.

“ಬೂಟಿನ ಸಪ್ಪಳಾ ಅದೇ ಐತಿ... ದನಿ ಬ್ಯಾರೆ.” ಮತ್ತೆ ಸೊಪ್ಪಿಗೆ ಕೈ ಹಾಕಿ, “ನಮ್ಮ ಹುಡುಗ ಅರ್ಧಕ್ಕ ಸಾಲಿ ಬಿಟ್ಟ. ನೀ ನಡಿಯಪಾ,” ಎಂದಳು.

ಓಣಿ ಮುಗಿದದ್ದು ಕಾಲೇಜಿನ ಹಿಂಬಾಗಿಲಲ್ಲಿ. ನಾನು ಅಲ್ಲಿ ಮುಟ್ಟಿದ ಮೇಲೆ ಗಂಟೆ ಹೊಡೆಯಿತು. ಅದಕ್ಕೂ ಮುಂಚೆ ಹೊಡೆದಿರಲಿಲ್ಲ. ಕಾಗದ ಕೇಳಬೇಕಾದ ಕಚೇರಿ ಬಲಕ್ಕಿತ್ತು. ಬೂಟು ಎಡಕ್ಕೆ ತಿರುಗಿ ಕ್ಲಾಸಿನ ಮೆಟ್ಟಿಲು ಹತ್ತಿತು. ಒಳಗೆ ನಾನಿದ್ದೆ, ಅಷ್ಟೇ.

ಬಿದ್ದ ವಿಷಯಗಳನ್ನೂ ಪಾಸು ಮಾಡಿ, ಘಟಿಕೋತ್ಸವ ಮುಗಿಸಿ ಬಂದು ಪದವಿಪತ್ರವನ್ನು ಅವ್ವನ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಓದು ಬಾರದವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೊರಗಿದ್ದ ಬೂಟನ್ನು ನೋಡಿದಳು.

“ಈ ಶನಿವಾರ ಅವನ್ನ ಹನುಮಪ್ಪನ ಗುಡಿ ಮುಂದ ಬಿಟ್ಟ ಬರ್ತೇನಿಬೇ.”

“ಹುಚ್ಚಾ, ಬಿಡಬ್ಯಾಡ. ನಿಮ್ಮ ದೊಡ್ಡಪ್ಪನ ಮೊಮ್ಮಗ ಬರೋ ವರ್ಷ ಕಾಲೇಜಿಗೆ ಹೊಂಟಾನ, ಅವಗ ಕೊಡು. ಅವಕ್ಕ ಹಾದಿ ಗೊತ್ತೈತಿ.”