ಅವ್ವನ ಹೆಸರಿನ ಕಂಪನಿ

ಗಂಡಸಿ ಎಂಬ ಊರಿನಲ್ಲಿ ಕೊಬ್ಬರಿ ಎಣ್ಣೆ ಗಾಣ ನಡೆಸುತ್ತಿದ್ದ ಆಕೆ, ಕಂಪನಿ ನೋಂದಣಿಗೆಂದು ಅರಸೀಕೆರೆಯ ನನ್ನ ಆಡಿಟರ್ ಆಫೀಸಿಗೆ ಬಂದಾಗಲೆಲ್ಲ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಅದೆಂಗಾಯ್ತದೆ ಸಾರ್?” ಎನ್ನುತ್ತಿದ್ದರು. ಕಂಪನಿಗೆ ತೀರಿಹೋದ ತಾಯಿಯ ಹೆಸರಿಡಬೇಕೆಂಬುದು ಅವರ ಆಸೆ. ಅರ್ಜಿ ತಿರಸ್ಕೃತವಾಯಿತು.

“ಆ ಹೆಸರಿನ ಕಂಪನಿ ಆಗಲೇ ಇದೆಯಮ್ಮ. ಅದೇ ಹೆಸರು ಇನ್ನೊಬ್ಬರಿಗೆ ಕೊಡೋದಿಲ್ಲ,” ಎಂದೆ.

“ಅದೆಂಗಾಯ್ತದೆ ಸಾರ್? ನಮ್ಮೂರಲ್ಲೇ ಆ ಹೆಸರಿನೋರು ಬೇಕಾದಷ್ಟು ಜನ ಅವ್ರೆ. ಯಾರೂ ಬ್ಯಾಡ ಅಂದಿಲ್ವಲ್ಲ.”

ಬೇರೆ ಪದ ಸೇರಿಸಿದರೆ ಸಿಗಬಹುದು ಎಂದೆ. ತುಂಬ ಹೊತ್ತು ಯೋಚಿಸಿ, ತಾಯಿಯ ಹೆಸರಿನ ಜೊತೆ ತಮ್ಮ ಹೆಸರು ಸೇರಿಸಿದರು. ಒಪ್ಪಿಗೆ ಬಂತು.

ಪ್ರಮಾಣಪತ್ರ ಕೈಗಿತ್ತಾಗಲೂ ಅವರ ಮುಖದ ಗೊಂದಲ ಹೋಗಿರಲಿಲ್ಲ.

“ಸ್ಕೂಲಲ್ಲಿ ನನ್ನೆಸರಿನ ಪಕ್ಕ ಅಪ್ಪನ ಹೆಸರು ಬರದ್ರು. ಮದ್ವೆ ಆದ್ಮೇಲೆ ಯಜಮಾನ್ರುದು. ಅವ್ವನ ಹೆಸರು ಬಂದಿದ್ದು ಇದೇ ಮೊದ್ಲು. ಇಷ್ಟ್ ದಿನ ಯಾಕ್ ಸಾರ್ ಯಾರೂ ಕೇಳ್ಲಿಲ್ಲ?”